ಮಾರ್ಜಾಲ ವಂಶ: ವಿಕಾಸ ಮತ್ತು ಅಳಿವು

ಎರಡು ಕ್ವಿಂಟಲ್‌ಗೂ ಮೀರಿ ತೂಗುವ ಹುಲಿಯಿಂದ ಹಿಡಿದು ಎರಡು ಕಿಲೋವನ್ನೂ ಮುಟ್ಟದ ತುಕ್ಕುಚುಕ್ಕೆ ಬೆಕ್ಕಿನವರೆಗೆ, ಬೆಕ್ಕಿನ ಜಾತಿಯ ಎಲ್ಲ ಪ್ರಾಣಿಗಳನ್ನು ಪ್ರಾಣಿಶಾಸ್ತ್ರವು ಫೆಲಿಡೆ ಎಂಬ ಒಂದೇ ಕುಟುಂಬದಲ್ಲಿ ಇಡುತ್ತದೆ. ಇಂದು ಬದುಕಿರುವ ಪ್ರಭೇದಗಳು ಸುಮಾರು 40. ಈ ಎಣಿಕೆ ಪುಸ್ತಕದಿಂದ ಪುಸ್ತಕಕ್ಕೆ ಹೆಚ್ಚುಕಡಿಮೆ ಆಗುವುದುಂಟು. ದಕ್ಷಿಣ ಅಮೆರಿಕದ ಸಣ್ಣ ಬೆಕ್ಕುಗಳನ್ನು ಹೇಗೆ ವಿಂಗಡಿಸಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆಸ್ಟ್ರೇಲಿಯ ಮತ್ತು ಅಂಟಾರ್ಕ್ಟಿಕವನ್ನು ಬಿಟ್ಟರೆ ಉಳಿದೆಲ್ಲ ಭೂಖಂಡಗಳನ್ನು ಈ ಪ್ರಾಣಿಗಳು ಮನುಷ್ಯನ ನೆರವಿಲ್ಲದೆ, ನಡೆದೇ ತಲುಪಿದವು. ಕರ್ನಾಟಕದ ಕಾಡುಗಳಲ್ಲಿ ಹುಲಿ, ಚಿರತೆ, ಕಾಡುಬೆಕ್ಕು, ಚಿರತೆಬೆಕ್ಕು ಮತ್ತು ತುಕ್ಕುಚುಕ್ಕೆ ಬೆಕ್ಕುಗಳಿವೆ. ಈ ವಂಶದಲ್ಲಿ ಹಿಂದೆ ಅನೇಕ ಕವಲುಗಳು ಅಳಿದಿವೆ. ಅಳಿದ ಜಾಗಕ್ಕೆ ಬೇರೆಡೆಯಿಂದ ನಡೆದುಬಂದ ಬೆಕ್ಕುಗಳು ನೆಲೆಸಿವೆ. ಇಂದಿನ ಅಪಾಯವನ್ನು ಅಳೆಯುವಾಗ, ಆ ನಡೆದಾಟ ಈಗ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನೇ ಮೊದಲು ನೋಡಬೇಕಾಗುತ್ತದೆ.

ದೇಹ ಮತ್ತು ಆಹಾರ

ಕರಡಿ ಜೇನು, ಹಣ್ಣು, ಗೆದ್ದಲು ಏನನ್ನಾದರೂ ತಿಂದು ಬದುಕೀತು. ನರಿ ಬೋರೆಹಣ್ಣನ್ನೂ ಬಿಡುವುದಿಲ್ಲ. ಬೆಕ್ಕಿಗೆ ಈ ಅನುಕೂಲವಿಲ್ಲ. ಅದರ ದವಡೆ ಮೊಟಕು. ಅರೆಯುವ ಹಲ್ಲುಗಳು ಬಹುಮಟ್ಟಿಗೆ ಇಲ್ಲವಾಗಿ, ಉಳಿದ ಕೆನ್ನೆಹಲ್ಲುಗಳು ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಸರಿದು ಮಾಂಸವನ್ನು ಕೊಯ್ಯುತ್ತವೆ. ಕ್ಯಾರೆಟ್ಟಿನಂಥ ಸಸ್ಯಾಹಾರದಿಂದ ನಾವು ‘ಎ’ ಜೀವಸತ್ವವನ್ನು ಮಾಡಿಕೊಳ್ಳುತ್ತೇವೆ. ಬೆಕ್ಕಿನ ದೇಹಕ್ಕೆ ಅದು ಸಾಧ್ಯವಿಲ್ಲ. ಟಾರಿನ್ ಎಂಬ ಪೋಷಕಾಂಶವನ್ನೂ ಅದು ಮಾಂಸದಿಂದಲೇ ಪಡೆಯಬೇಕು. ಸಿಹಿಯನ್ನು ಗುರುತಿಸುವ ನಾಲಿಗೆಯ ಗ್ರಾಹಕಕ್ಕೆ ಬೇಕಾದ ಒಂದು ವಂಶವಾಹಿ ಬೆಕ್ಕುಗಳಲ್ಲಿ ಕೆಟ್ಟುಹೋಗಿದೆಯೆಂದು ಅಮೆರಿಕದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಸಿಹಿಯ ರುಚಿ ಹುಲಿಗೂ ಇಲ್ಲ, ಚೀತಾಕ್ಕೂ ಇಲ್ಲ, ಮನೆಯ ಬೆಕ್ಕಿಗೂ ಇಲ್ಲ.

ಮಾಂಸವಲ್ಲದೆ ಬೇರೇನನ್ನೂ ನಂಬಿ ಬಾಳಲಾಗದ ಈ ದೇಹವು ಬೇಟೆಯ ಮಟ್ಟಿಗೆ ಅಸಾಧಾರಣ ಸಲಕರಣೆ. ಒಳಗೆ ಮಡಚಿಕೊಳ್ಳುವ ಉಗುರು, ಇರುಳಿನಲ್ಲಿ ಕಾಣುವ ಕಣ್ಣು, ಸದ್ದಿಲ್ಲದೆ ಊರುವ ಅಂಗಾಲು, ಕುತ್ತಿಗೆಗೆ ನೇರ ಇಳಿಯುವ ಕೋರೆ, ಇಷ್ಟನ್ನೂ ವಿಕಾಸ ಒಟ್ಟಿಗೆ ಕೂಡಿಸಿಟ್ಟಿದೆ. ಆದರೆ ಬೇಟೆ ಇಲ್ಲವಾದರೆ ಬದುಕಲು ಬೇರೆ ದಾರಿಯೂ ಇಲ್ಲ. ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರ ಲೆಕ್ಕದಲ್ಲಿ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಬೇಟೆಪ್ರಾಣಿಗಳ ಸಂಖ್ಯೆ ಕುಗ್ಗದಂತೆ ಹುಲಿ ತೆಗೆದುಕೊಳ್ಳಬಹುದಾದ ಪಾಲು ಹತ್ತರಲ್ಲಿ ಒಂದರಷ್ಟು. ಹಾಗಾಗಿ ಒಂದು ಹುಲಿ ನೆಲೆನಿಲ್ಲಲು ಜಿಂಕೆ, ಕಡವೆ, ಕಾಟಿ, ಹಂದಿ ಸೇರಿ 500 ಪ್ರಾಣಿಗಳಾದರೂ ಆ ಕಾಡಿನಲ್ಲಿರಬೇಕು. ಹುಲಿಯನ್ನು ಯಾರೂ ಗುಂಡಿಟ್ಟು ಕೊಲ್ಲದಿದ್ದರೂ ಜಿಂಕೆ ಮುಗಿದ ಕಾಡಿನಲ್ಲಿ ಹುಲಿ ಮುಗಿಯುತ್ತದೆ. ವಂಶದ ಹಿಂದಿನ ಅಳಿವುಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ ಕಾರಣ ಇದೇ.

ಉಗಮ

ಬೆಕ್ಕಿನ ವಂಶದ ಅತಿ ಹಳೆಯ ಪಳೆಯುಳಿಕೆ ದೊರೆತಿರುವುದು ಫ್ರಾನ್ಸಿನಲ್ಲಿ. ಸುಮಾರು 2.5 ಕೋಟಿ ವರ್ಷಗಳ ಹಿಂದೆ ಅಲ್ಲಿನ ಮರಗಾಡುಗಳಲ್ಲಿ ಬದುಕಿದ್ದ ಪ್ರೊಐಲ್ಯೂರಸ್ ಮನೆಬೆಕ್ಕಿಗಿಂತ ಸ್ವಲ್ಪ ದೊಡ್ಡದು. ಮರ ಹತ್ತುವುದರಲ್ಲಿ ಪಳಗಿದ್ದು, ಪುನುಗುಬೆಕ್ಕಿನ ಚಹರೆ ಇನ್ನೂ ಉಳಿಸಿಕೊಂಡಿದ್ದ ಪ್ರಾಣಿ. ಅದರ ಬಳಿಕ ಬಂದದ್ದು ಸ್ಯೂಡಾಐಲ್ಯೂರಸ್. ಇಂದಿನ ಬೆಕ್ಕುಗಳೂ ಕತ್ತಿಹಲ್ಲಿನ ಬೆಕ್ಕುಗಳೂ ಈ ಗುಂಪಿನಿಂದಲೇ ಕವಲೊಡೆದವೆಂದು ವಿದ್ವಾಂಸರು ಭಾವಿಸುತ್ತಾರೆ.

ಉತ್ತರ ಅಮೆರಿಕದಲ್ಲಿ ಇದಕ್ಕೂ ಮೊದಲೇ ಬೆಕ್ಕಿನಂಥವೇ ಆದ, ಕೆಲವಂತೂ ನೀಳ ಕೋರೆಗಳಿದ್ದ, ಆದರೆ ಬೆಕ್ಕಿನ ಕುಟುಂಬಕ್ಕೆ ಸೇರದ ನಿಮ್ರಾವಿಡ್ ಎಂಬ ಮಾಂಸಾಹಾರಿಗಳಿದ್ದವು. ಅವು ಅಳಿದ ಮೇಲೆ ಸುಮಾರು 2.5 ಕೋಟಿಯಿಂದ 1.85 ಕೋಟಿ ವರ್ಷಗಳ ಹಿಂದಿನವರೆಗೆ ಆ ಖಂಡದಲ್ಲಿ ಬೆಕ್ಕಿನಂಥ ಪ್ರಾಣಿಯ ಒಂದೇ ಒಂದು ಮೂಳೆಯೂ ಸಿಗುವುದಿಲ್ಲ ಎನ್ನುವಷ್ಟು ಪಳೆಯುಳಿಕೆಗಳು ಬರಿದಾಗಿವೆ. ಪಳೆಯುಳಿಕೆ ತಜ್ಞರು ಇದಕ್ಕೆ ಬೆಕ್ಕಿಲ್ಲದ ಕಾಲ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಆ ತೆರವು ತುಂಬಿದ್ದು ಏಷ್ಯಾದಿಂದ ಬೇರಿಂಗ್ ನೆಲಸೇತುವೆಯ ಮೇಲೆ ಸ್ಯೂಡಾಐಲ್ಯೂರಸ್ ನಡೆದುಹೋದಾಗ. ಒಂದು ಖಂಡ 60 ಲಕ್ಷ ವರ್ಷಗಳಿಗೂ ಮಿಕ್ಕು ಬೆಕ್ಕುಗಳಿಲ್ಲದೆ ಇತ್ತು ಎಂಬ ಈ ಸಂಗತಿ, ಅಳಿದದ್ದನ್ನು ಪ್ರಕೃತಿ ಬೇಗನೆ ತುಂಬಿಕೊಡುತ್ತದೆ ಎಂದು ನಂಬುವವರು ನೆನಪಿಡಬೇಕಾದದ್ದು.

ಎಂಟು ಕವಲುಗಳು

ಮೂಳೆಗಳಿಂದ ಮಾತ್ರ ಬೆಕ್ಕುಗಳ ಬಳ್ಳಿಯನ್ನು ಬಿಡಿಸುವುದು ಕಷ್ಟದ ಕೆಲಸ. ಸಿಂಹದ ತಲೆಬುರುಡೆಯನ್ನೂ ಹುಲಿಯದನ್ನೂ ಪಕ್ಕದಲ್ಲಿಟ್ಟರೆ ನುರಿತ ಕಣ್ಣೂ ತಡವರಿಸುತ್ತದೆ. 2006ರಲ್ಲಿ ವಾರೆನ್ ಜಾನ್ಸನ್, ಸ್ಟೀಫನ್ ಒಬ್ರಿಯನ್ ಮತ್ತು ಸಂಗಡಿಗರು ವಂಶವಾಹಿಗಳ ಹೋಲಿಕೆಯಿಂದ ಇಂದಿನ ಬೆಕ್ಕುಗಳನ್ನೆಲ್ಲ ಎಂಟು ಕವಲುಗಳಲ್ಲಿ ಜೋಡಿಸಿದರು. ಆ ಲೆಕ್ಕದಂತೆ ಸುಮಾರು 1.08 ಕೋಟಿ ವರ್ಷಗಳ ಹಿಂದೆ ಏಷ್ಯಾದಲ್ಲಿ ಮೊದಲು ಬೇರೆಯಾದದ್ದು ಹುಲಿ, ಸಿಂಹ, ಚಿರತೆ, ಜಾಗ್ವಾರ್, ಹಿಮಚಿರತೆ, ಮೋಡಚಿರತೆಗಳ ಕವಲು. ಆಗ್ನೇಯ ಏಷ್ಯಾದ ಹೊಂಬೆಕ್ಕುಗಳದು ಎರಡನೆಯದು. ಆಫ್ರಿಕಕ್ಕೆ ಹೋಗಿ ನೆಲೆಸಿದ ಕ್ಯಾರಕಲ್ ಮತ್ತು ಸರ್ವಲ್, ಅಮೆರಿಕದ ಆಸೆಲಾಟ್ ಬಳಗ, ಲಿಂಕ್ಸ್‌ಗಳು, ಪ್ಯೂಮಾ ಬಳಗ, ಚಿರತೆಬೆಕ್ಕಿನ ಬಳಗ, ಕೊನೆಗೆ ಮನೆಬೆಕ್ಕು ಸೇರಿರುವ ಫೆಲಿಸ್ ಬಳಗ ಉಳಿದವು. ಆಸೆಲಾಟ್ ಬಳಗಕ್ಕೆ ವರ್ಣತಂತುಗಳು 36. ಉಳಿದೆಲ್ಲ ಬೆಕ್ಕುಗಳಿಗೆ 38.

ಚೀತಾ ಪ್ಯೂಮಾ ಬಳಗಕ್ಕೆ ಸೇರಿದ್ದು ಎಂಬುದು ಬಹಳ ಓದುಗರಿಗೆ ಅಚ್ಚರಿ. ಮೈಮೇಲಿನ ಚುಕ್ಕೆ ನೋಡಿ ನಾವು ಅದನ್ನು ಚಿರತೆಯ ನೆಂಟನೆಂದುಕೊಳ್ಳುತ್ತೇವೆ. ರಕ್ತದಲ್ಲಿ ಅದು ಅಮೆರಿಕದ ಬೆಟ್ಟಗಳ ಪ್ಯೂಮಾಕ್ಕೆ ಹತ್ತಿರ. ಅದೇ ಬಳಗದ ಇನ್ನೊಂದು ಪ್ರಾಣಿ ಮಿರಾಸಿನೋನಿಕ್ಸ್ ಉತ್ತರ ಅಮೆರಿಕದ ಬಯಲುಗಳಲ್ಲಿತ್ತು, ಹಿಮಯುಗದ ಕೊನೆಗೆ ಅಳಿಯಿತು. ಆ ಬಯಲಿನ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ ಅಲ್ಲಿ ಇಂದು ಇರುವ ಯಾವ ಬೇಟೆಗಾರ ಪ್ರಾಣಿಯೂ ಬೆನ್ನಟ್ಟಲಾರದಷ್ಟು ವೇಗವಾಗಿ ಓಡುತ್ತದೆ. ಇಲ್ಲವಾದ ಆ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ಬೆಳೆದ ವೇಗವದು ಎಂಬುದು ಒಪ್ಪಬಹುದಾದ ವಿವರಣೆ.

ಸಮುದ್ರ ಮಟ್ಟ ಇಳಿದಾಗಲೆಲ್ಲ ನೆಲಸೇತುವೆಗಳು ಮೇಲೆದ್ದವು, ಬೆಕ್ಕುಗಳು ಹೊಸ ಖಂಡಗಳಿಗೆ ಹಾದವು. ಏರಿದಾಗ ಬೇರ್ಪಟ್ಟು ಹೊಸ ಪ್ರಭೇದಗಳಾದವು. ಪನಾಮದ ನೆಲ ಕೂಡಿಕೊಂಡ ಮೇಲೆ ದಕ್ಷಿಣ ಅಮೆರಿಕಕ್ಕೆ ದಾರಿ ತೆರೆಯಿತು. ಟಿಬೆಟ್ಟಿನಲ್ಲಿ 2010ರಲ್ಲಿ ಸಿಕ್ಕ ತಲೆಬುರುಡೆಯೊಂದು, ಪ್ಯಾಂಥೆರಾ ಬ್ಲೈತೀ ಎಂದು ಹೆಸರು ಪಡೆದದ್ದು, 40 ಲಕ್ಷ ವರ್ಷಗಳಿಗಿಂತ ಹಳೆಯದು. ದೊಡ್ಡ ಬೆಕ್ಕುಗಳ ತವರು ಏಷ್ಯಾವೇ ಎಂಬ ಅಭಿಪ್ರಾಯಕ್ಕೆ ಅದು ಬಲ ಕೊಟ್ಟಿತು. ಭಾರತದ ಶಿವಾಲಿಕ್ ಬೆಟ್ಟಗಳಿಂದಲೂ 1830ರ ದಶಕದಲ್ಲಿಯೇ ಫಾಲ್ಕನರ್ ಮತ್ತು ಕಾಟ್ಲಿ ದೊಡ್ಡ ಬೆಕ್ಕಿನ ಪಳೆಯುಳಿಕೆಯನ್ನು ವರ್ಣಿಸಿದ್ದರು.

ಕತ್ತಿಹಲ್ಲಿನ ಬೆಕ್ಕುಗಳ ಅಳಿವು

ಇವನ್ನು ಕತ್ತಿಹಲ್ಲಿನ ಹುಲಿ ಎಂದು ಕರೆಯುವ ರೂಢಿ ಇದೆಯಾದರೂ ಹುಲಿಗೂ ಇವಕ್ಕೂ ಹತ್ತಿರದ ಸಂಬಂಧವಿಲ್ಲ. ಇಂದಿನ ಬೆಕ್ಕುಗಳಿಂದ ಬಹು ಹಿಂದೆಯೇ ಕವಲೊಡೆದ ಮಕೈರೊಡಂಟಿನೆ ಎಂಬ ಉಪಕುಟುಂಬ ಇವುಗಳದು. ದಕ್ಷಿಣ ಅಮೆರಿಕದ ಸ್ಮೈಲೊಡಾನ್‌ನ ಕೋರೆ ಬುಡ ಸೇರಿ 28 ಸೆಂ.ಮೀ. ಇತ್ತು, ತೂಕ ಇಂದಿನ ಯಾವ ಹುಲಿಯನ್ನೂ ಮೀರಿಸುವಂಥದು. ಲಾಸ್ ಏಂಜಲಿಸ್ ನಗರದ ನಡುವೆಯೇ ಇರುವ ಲಾ ಬ್ರೆಯ ಡಾಂಬರು ಹೊಂಡಗಳಲ್ಲಿ ಸಿಕ್ಕಿಬಿದ್ದ ಸ್ಮೈಲೊಡಾನ್‌ಗಳ ಮೂಳೆಗಳು ಸಾವಿರಗಟ್ಟಲೆ ದೊರೆತಿವೆ. ಅಂಟಿನಲ್ಲಿ ಸಿಕ್ಕ ಕಾಡೆಮ್ಮೆಯ ಕೂಗಿಗೆ ಬಂದವು ತಾವೂ ಸಿಕ್ಕಿಕೊಂಡವು.

ಹೋಮೋಥೀರಿಯಂ ಇನ್ನೊಂದು ಬಗೆ: ಕೋರೆ ಚಿಕ್ಕದು, ಕಾಲು ನೀಳ, ಬಯಲಿನಲ್ಲಿ ಓಡಿ ಬೇಟೆಯಾಡುವ ಮೈಕಟ್ಟು. 2020ರಲ್ಲಿ ಸೈಬೀರಿಯದ ಯಾಕುತಿಯದ ಹೆಪ್ಪುನೆಲದಲ್ಲಿ ಇದರ ಮೂರು ವಾರದ ಮರಿಯ ಶವ ತೊಗಲು ರೋಮ ಸಮೇತ ಸಿಕ್ಕಿತು. ಸುಮಾರು 35 ಸಾವಿರ ವರ್ಷ ಹಳೆಯದಾದ ಅದರ ವಿವರ 2024ರಲ್ಲಿ ಪ್ರಕಟವಾಯಿತು. ಅಳಿದುಹೋದ ಕತ್ತಿಹಲ್ಲಿನ ಬೆಕ್ಕೊಂದರ ಮುಖವನ್ನು ಚಿತ್ರಕಾರನ ಊಹೆಯ ಹಂಗಿಲ್ಲದೆ ಮನುಷ್ಯರು ಕಂಡದ್ದು ಅದೇ ಮೊದಲು.

ಸುಮಾರು 10 ಸಾವಿರ ವರ್ಷಗಳ ಹಿಂದಿನ ಹೊತ್ತಿಗೆ ಇವೆಲ್ಲ ಮುಗಿದವು. ಯುರೋಪು ಮತ್ತು ಸೈಬೀರಿಯದ ಗುಹಾಸಿಂಹ, ಅಮೆರಿಕದ ಸಿಂಹ ಕೂಡ ಅದೇ ಕಾಲದ ಆಸುಪಾಸಿನಲ್ಲಿ ಹೋದವು. ಹವೆ ಬೆಚ್ಚಗಾದದ್ದು ಕಾರಣವೋ, ಈಟಿ ಹಿಡಿದ ಮನುಷ್ಯ ಕಾರಣನೋ ಎಂಬ ವಾದ ಇಂದಿಗೂ ನಡೆದಿದೆ. ಎರಡರಲ್ಲಿ ಯಾವುದಾದರೂ ಇರಲಿ, ಏಟು ಬಿದ್ದದ್ದು ಮೊದಲು ದೊಡ್ಡ ಸಸ್ಯಾಹಾರಿಗಳ ಮೇಲೆ. ಅವನ್ನೇ ನಂಬಿದ್ದ ಬೆಕ್ಕುಗಳು ಹಿಂದೆಯೇ ಹೋದವು. ಅದೇ ಕಾಲದಲ್ಲಿ ಉತ್ತರ ಅಮೆರಿಕದಲ್ಲಿ ಪ್ಯೂಮಾ ಕೂಡ ಇಲ್ಲವಾಗಿತ್ತೆಂದು ವಂಶವಾಹಿಗಳ ಅಧ್ಯಯನ ಸೂಚಿಸುತ್ತದೆ. ಆದರೆ ಸಿಕ್ಕಿದ ಬೇಟೆಯಲ್ಲಿ ತೃಪ್ತಿಪಡುವ ಆ ಪ್ರಾಣಿ ದಕ್ಷಿಣದಿಂದ ಮತ್ತೆ ನಡೆದುಬಂದು ಕೆನಡದವರೆಗೂ ಹಬ್ಬಿತು. ತಡೆಯಲು ಹೆದ್ದಾರಿ ಇರಲಿಲ್ಲ, ಬೇಲಿ ಇರಲಿಲ್ಲ.

ಚೀತಾ ಆ ಕಾಲದಿಂದ ಬದುಕಿ ಬಂದಿತು, ಆದರೆ ಪೂರ್ತಿಯಾಗಿ ಅಲ್ಲ. ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಕಸಿ ಮಾಡಿದರೆ ದೇಹ ಸಾಮಾನ್ಯವಾಗಿ ಅದನ್ನು ತಿರಸ್ಕರಿಸುತ್ತದೆ. 1980ರ ದಶಕದಲ್ಲಿ ಒಬ್ರಿಯನ್ ತಂಡ ಸಂಬಂಧವಿಲ್ಲದ ಚೀತಾಗಳ ನಡುವೆ ಹೀಗೆ ಕಸಿ ಮಾಡಿದಾಗ ದೇಹಗಳು ಅದನ್ನು ತಮ್ಮದೆಂಬಂತೆ ಒಪ್ಪಿಕೊಂಡವು. ಹಿಮಯುಗದ ಕೊನೆಯಲ್ಲಿ ಚೀತಾಗಳ ಸಂಖ್ಯೆ ತೀರ ಕುಗ್ಗಿ, ಉಳಿದ ಕೆಲವೇ ಪ್ರಾಣಿಗಳಿಂದ ಇಂದಿನವೆಲ್ಲ ಹುಟ್ಟಿದವು ಎಂಬುದು ಅದರಿಂದ ಮೂಡಿದ ತೀರ್ಮಾನ.

ಈಚಿನ ಅಳಿವು

ಇಪ್ಪತ್ತನೆಯ ಶತಮಾನ ಹುಲಿಯ ಮೂರು ಬಳಗಗಳನ್ನು ನುಂಗಿತು. ಬಾಲಿಯ ಹುಲಿ ಶತಮಾನದ ಮೊದಲರ್ಧದಲ್ಲಿ, ಜಾವಾದ ಹುಲಿಯೂ ಕ್ಯಾಸ್ಪಿಯನ್ ಹುಲಿಯೂ 1970ರ ದಶಕದ ಹೊತ್ತಿಗೆ ಇಲ್ಲವಾದವು. ಉತ್ತರ ಆಫ್ರಿಕದ ಕಾಡುಗಳಲ್ಲಿ ಸಿಂಹ ಉಳಿಯಲಿಲ್ಲ. ಭಾರತದಲ್ಲಿ ಚೀತಾದ ಕೊನೆಯ ದಾಖಲೆ 1947ರದು: ಇಂದಿನ ಛತ್ತೀಸ್‌ಗಢದಲ್ಲಿರುವ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಹದೇವ ಮೂರು ಗಂಡು ಚೀತಾಗಳನ್ನು ಹೊಡೆದುರುಳಿಸಿದ. 1952ರಲ್ಲಿ ಸರ್ಕಾರ ಚೀತಾ ಭಾರತದಿಂದ ಅಳಿದಿದೆಯೆಂದು ಘೋಷಿಸಿತು. ಏಷ್ಯಾದ ಚೀತಾ ಇಂದು ಇರುವುದು ಇರಾನಿನಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು.

ಆಗ್ನೇಯ ಏಷ್ಯಾದ ಕಥೆ ಬಂದೂಕಿನದಲ್ಲ, ಉರುಳಿನದು. ಸೈಕಲ್ಲಿನ ಬ್ರೇಕ್ ತಂತಿಯಿಂದ ಮಾಡಿದ ಉರುಳುಗಳನ್ನು ಅಲ್ಲಿನ ಕಾಡುಗಳಲ್ಲಿ ಲಕ್ಷಗಟ್ಟಲೆ ಒಡ್ಡುತ್ತಾರೆ. ಕಾಡುಮಾಂಸದ ಪೇಟೆಗಾಗಿ ಹಂದಿ, ಬರ್ಕಗಳನ್ನು ಹಿಡಿಯುವ ಆ ಉರುಳು ಹುಲಿಯ ಬೇಟೆಯನ್ನೂ ಕಸಿಯುತ್ತದೆ, ಹುಲಿಯ ಕಾಲಿಗೂ ಬೀಳುತ್ತದೆ. ಕಾಂಬೋಡಿಯದಲ್ಲಿ ಹುಲಿ ಕೊನೆಯ ಬಾರಿ ಕ್ಯಾಮೆರಾಗೆ ಸಿಕ್ಕಿದ್ದು 2007ರಲ್ಲಿ. ಹಸಿರು ಕಾಡು ಕಣ್ಣಿಗೆ ಕಾಣುವಷ್ಟೂ ದೂರ ಹಬ್ಬಿದ್ದು ಒಳಗೆ ಪ್ರಾಣಿಯೇ ಇಲ್ಲದ ಸ್ಥಿತಿ ಲಾವೋಸ್, ವಿಯೆಟ್ನಾಂಗಳಲ್ಲೂ ಇದೆ.

ನಮ್ಮಲ್ಲಿಯೂ 2004–05ರಲ್ಲಿ ರಾಜಸ್ಥಾನದ ಸಾರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು ತಿಳಿದಾಗ ದೇಶವೇ ಬೆಚ್ಚಿತು. ಹುಲಿ ಸಂರಕ್ಷಿತ ಪ್ರದೇಶವೆಂಬ ಫಲಕ ಹಾಗೆಯೇ ಇತ್ತು. ಕೆಲವೇ ವರ್ಷಗಳಲ್ಲಿ ಮಧ್ಯಪ್ರದೇಶದ ಪನ್ನಾಕ್ಕೂ ಅದೇ ಗತಿಯಾಯಿತು. 2008ರಲ್ಲಿ ರಣಥಂಬೋರಿನ ಹುಲಿಯನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ಸಾರಿಸ್ಕಾಕ್ಕೆ ತರಬೇಕಾಯಿತು.

ದ್ವೀಪಗಳಾದ ಕಾಡುಗಳು

1973ರ ಏಪ್ರಿಲ್ 1ರಂದು ಆರಂಭವಾದ ಹುಲಿ ಯೋಜನೆಯಲ್ಲಿ ಮೊದಲು ಸೇರಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2006ರ ಗಣತಿಯಲ್ಲಿ ದೇಶದಲ್ಲಿ 1,411 ಹುಲಿಗಳೆಂದು ಅಂದಾಜಾಗಿತ್ತು. 2022ರ ಗಣತಿಯಲ್ಲಿ 3,682. ಕರ್ನಾಟಕದ ಪಾಲು 563, ಮಧ್ಯಪ್ರದೇಶದ ನಂತರದ ಸ್ಥಾನ. ಗುಜರಾತಿನ ಗಿರ್ ಸಿಂಹಗಳು 2025ರ ಎಣಿಕೆಯಲ್ಲಿ 891 ಇದ್ದವು. ಅಂಕಿಗಳು ಹರ್ಷ ಕೊಡುವಂಥವೇ. ಆದರೆ ಇವುಗಳ ಮೊತ್ತ ನೋಡಿ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಪ್ರಾಣಿಗಳು ಮೊತ್ತದಲ್ಲಿ ಬದುಕುವುದಿಲ್ಲ. ತುಂಡು ತುಂಡು ಕಾಡುಗಳಲ್ಲಿ ಬದುಕುತ್ತವೆ.

ಒಡಿಶಾದ ಸಿಮಿಲಿಪಾಲ್‌ನ ಕಪ್ಪು ಹುಲಿಗಳು ಇದಕ್ಕೆ ಸಾಕ್ಷಿ. ಅಲ್ಲಿನ ಹುಲಿಗಳಲ್ಲಿ ಮೂರನೇ ಒಂದರಷ್ಟು, ಪಟ್ಟೆಗಳು ಅಗಲವಾಗಿ ಹರಡಿ ಒಂದರೊಳಗೊಂದು ಕೂಡಿ ಕಪ್ಪಾಗಿ ಕಾಣುತ್ತವೆ. ಪ್ರವಾಸಿಗಳಿಗೆ ಅದು ಆಕರ್ಷಣೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದಕ್ಕೆ ಟಾಕ್‌ಪೆಪ್ ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆ ಕಾರಣವೆಂದು ಕಂಡುಹಿಡಿಯಿತು. ದೇಶದ ಉಳಿದ ಕಾಡುಗಳ ಹುಲಿಗಳಲ್ಲಿ ಕಾಣದ ಈ ಲಕ್ಷಣ ಸಿಮಿಲಿಪಾಲ್‌ನಲ್ಲಿ ಇಷ್ಟು ಹೆಚ್ಚಲು, ಅಲ್ಲಿಗೆ ಹೊರಗಿನಿಂದ ಹುಲಿ ಬಾರದೆ ಒಳಗಿನವೇ ತಮ್ಮತಮ್ಮಲ್ಲಿ ಕೂಡುತ್ತಿರುವುದು ಕಾರಣ. ಇದೇ ವಂಶವಾಹಿಯ ಬದಲಾವಣೆಯೇ ಆಫ್ರಿಕದ ರಾಜಚೀತಾದ ಮೈಮೇಲೆ ದಪ್ಪ ಗೆರೆಗಳನ್ನೂ ಕೆಲವು ಮನೆಬೆಕ್ಕುಗಳ ಮೈಮೇಲೆ ಮಚ್ಚೆಗಳನ್ನೂ ಬರೆದಿದೆ.

ಬಣ್ಣ ಕೆಟ್ಟದ್ದೇನೂ ಅಲ್ಲ. ಬಣ್ಣದ ಜೊತೆಗೆ ಬೇರೆ ದೋಷಗಳೂ ಹೀಗೆಯೇ ಹೆಚ್ಚುತ್ತವೆ ಎಂಬುದು ಚಿಂತೆ. ಅಮೆರಿಕದ ಫ್ಲಾರಿಡಾದಲ್ಲಿ ಅದು ಕಣ್ಣೆದುರೇ ನಡೆಯಿತು. ಅಲ್ಲಿನ ಪ್ಯೂಮಾಗಳು 20–30ಕ್ಕೆ ಇಳಿದು, ಬಾಲ ಮುರಿದಂತೆ ಡೊಂಕಾಗಿ, ಗಂಡುಗಳ ವೃಷಣ ಇಳಿಯದೆ, ಹೃದಯದಲ್ಲಿ ರಂಧ್ರ ಹೊತ್ತು ಮರಿಗಳು ಹುಟ್ಟತೊಡಗಿದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಮೇಲೆ ಬಳಗ ಚೇತರಿಸಿತು.

ರೋಗದ ಭಯವೂ ಒಂದೇ ಕಡೆ ಕೂಡಿಟ್ಟ ಬಳಗಕ್ಕೆ ಹೆಚ್ಚು. 2018ರಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಗಿರ್‌ಗೆ ನುಗ್ಗಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಅದಕ್ಕೂ ಐದು ವರ್ಷ ಮೊದಲೇ ಸುಪ್ರೀಂ ಕೋರ್ಟ್ ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸಬೇಕೆಂದು ಆದೇಶಿಸಿತ್ತು. ಸಿಂಹ ಅಲ್ಲಿಗೆ ಹೋಗಲಿಲ್ಲ. ಆ ಕುನೋದಲ್ಲಿ 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ವಿಮಾನದಲ್ಲಿ ಬಂದ ಎಂಟು ಚೀತಾಗಳು ಇಳಿದವು. ಆಫ್ರಿಕದ ಚೀತಾ ತರುವ ಉತ್ಸಾಹದ ಅರ್ಧವನ್ನಾದರೂ ಗುಜರಾತಿನ ಸಿಂಹವನ್ನು ನೆರೆಯ ರಾಜ್ಯಕ್ಕೆ ಕಳಿಸುವುದರಲ್ಲಿ ತೋರಿಸಿದ್ದರೆ ಸಂರಕ್ಷಣೆಯ ದೃಷ್ಟಿಯಿಂದ ಹೆಚ್ಚು ಉಪಯೋಗವಾಗುತ್ತಿತ್ತು.

ಪಶ್ಚಿಮ ಘಟ್ಟದಲ್ಲಿ ಸ್ಥಿತಿ ಇದಕ್ಕಿಂತ ವಾಸಿ. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡಿನ ಕಾಡುಗಳು ಒಂದಕ್ಕೊಂದು ಕೂಡಿಕೊಂಡಿದ್ದು ಜಗತ್ತಿನ ದೊಡ್ಡ ಹುಲಿ ನೆಲೆಗಳಲ್ಲಿ ಒಂದಾಗಿವೆ. ಬಂಡೀಪುರದ ಕ್ಯಾಮೆರಾದಲ್ಲಿ ದಾಖಲಾಗಿದ್ದ ಗಂಡು ಹುಲಿಯೊಂದು 2011ರಲ್ಲಿ ಸುಮಾರು 280 ಕಿ.ಮೀ. ದೂರದ ಶಿಕಾರಿಪುರದ ಬಳಿ ಸಿಕ್ಕಿತು. ಪಟ್ಟೆಗಳನ್ನು ಹೋಲಿಸಿ ಅದೇ ಹುಲಿ ಎಂದು ಗುರುತಿಸಲಾಯಿತು. ಕಾಫಿತೋಟ, ಅಡಿಕೆತೋಟ, ಊರು, ರಸ್ತೆಗಳ ನಡುವೆ ಅದು ಯಾರ ಗಮನಕ್ಕೂ ಬಾರದೆ ಹಾದುಹೋಗಿತ್ತು. ಎಲ್ಲ ನಡಿಗೆಯೂ ಹಾಗೆ ಮುಗಿಯುವುದಿಲ್ಲ. ಕಾಡಂಚಿನಲ್ಲಿ ದನ ಕಳೆದುಕೊಂಡವರ ಸಿಟ್ಟಿಗೆ ವಿಷ ಸುಲಭದ ಆಯುಧ: 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು.

ಚೇತರಿಕೆಯ ಒಂದು ಉದಾಹರಣೆ

ಸ್ಪೇನ್ ಮತ್ತು ಪೋರ್ಚುಗಲ್‌ಗಳ ಐಬೀರಿಯನ್ ಲಿಂಕ್ಸ್ ಊಟದ ಮಟ್ಟಿಗೆ ಇನ್ನೂ ಹಟಮಾರಿ. ಅದಕ್ಕೆ ಮೊಲವೇ ಬೇಕು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗವೂ ಮೂರು ದಶಕಗಳ ಬಳಿಕ ಇನ್ನೊಂದು ರಕ್ತಸ್ರಾವದ ರೋಗವೂ ಮೊಲಗಳನ್ನು ಕೊಂದವು. 2002ರ ಹೊತ್ತಿಗೆ ಲಿಂಕ್ಸ್‌ಗಳ ಸಂಖ್ಯೆ ನೂರಕ್ಕಿಂತ ಕೆಳಗಿಳಿದಿತ್ತು. ಬಂಧನದಲ್ಲಿ ಮರಿ ಮಾಡಿಸುವುದು, ಮೊಲದ ನೆಲೆ ಸರಿಪಡಿಸುವುದು, ಹೆದ್ದಾರಿಗಳ ಕೆಳಗೆ ದಾರಿ ಬಿಡಿಸುವುದು, ಜಮೀನ್ದಾರರೊಡನೆ ಒಪ್ಪಂದ, ಎಲ್ಲವೂ ಒಟ್ಟಿಗೆ ನಡೆದವು. 2024ರ ಎಣಿಕೆಯಲ್ಲಿ ಅವು 2,401. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಬೆಕ್ಕುಗಳ ಅಳಿವು ವಿಧಿಯಲ್ಲ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ.

ಮುಂದೆ

ವಂಶಕ್ಕೆ ವಂಶವೇ ಅಳಿಯುವ ಸಂಭವ ಇಲ್ಲವೆನ್ನಬಹುದು. ಮನೆಬೆಕ್ಕು ಅದನ್ನು ಉಳಿಸೀತು. ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಕಣಜಗಳ ಇಲಿಗೆ ಬಂದ ಲಿಬಿಯಾದ ಕಾಡುಬೆಕ್ಕಿನ ಸಂತತಿ ಅದು, ಈಗ ಆಸ್ಟ್ರೇಲಿಯವನ್ನೂ ಹೊಕ್ಕಿದೆ. ಅದೇ ಸಂತತಿ ಸ್ಕಾಟ್ಲೆಂಡಿನ ಕಾಡುಬೆಕ್ಕಿನೊಡನೆ ಕೂಡಿ ಕೂಡಿ, ಅಪ್ಪಟ ಕಾಡುಬೆಕ್ಕನ್ನು ಹುಡುಕುವುದೇ ಕಷ್ಟವಾಗಿದೆ. 2023ರಲ್ಲಿ ಅಲ್ಲಿ ಬಂಧನದಲ್ಲಿ ಬೆಳೆಸಿದ ಕಾಡುಬೆಕ್ಕುಗಳನ್ನು ಹೊರಗೆ ಬಿಡಲಾಯಿತು.

ಮುಂದಿನ ಕೆಲವು ದಶಕಗಳಲ್ಲಿ ಇರಾನಿನ ಚೀತಾ ಎಲ್ಲಕ್ಕಿಂತ ಮೊದಲು ಹೋಗಬಹುದಾದ ಬಳಗ. ಸುಂದರ್‌ಬನದ ಹುಲಿಯ ನೆಲವನ್ನು ಏರುವ ಸಮುದ್ರ ತಿನ್ನುತ್ತಿದೆ. ಹಿಮಾಲಯದಲ್ಲಿ ಮರಗಳ ಗಡಿ ಮೇಲೇರಿದಷ್ಟೂ ಹಿಮಚಿರತೆಯ ಬಯಲು ಕಿರಿದಾಗುತ್ತದೆ, ಚಿರತೆ ಅಲ್ಲಿಗೆ ಹತ್ತುತ್ತದೆ. ಇವಕ್ಕೆಲ್ಲ ಕಾಳಜಿ ಮಾಡುವವರಿದ್ದಾರೆ, ಹಣವಿದೆ. ಬೋರ್ನಿಯೊದಲ್ಲಿ ಮಾತ್ರ ಇರುವ ಬೇ ಬೆಕ್ಕು, ತಾಳೆಎಣ್ಣೆಯ ತೋಟಗಳಿಗಾಗಿ ಬಸಿದ ಜೌಗಿನಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಚಪ್ಪಟೆತಲೆ ಬೆಕ್ಕು, ಆಂಡೀಸ್ ಬೆಟ್ಟಗಳ ಬೆಕ್ಕು, ನಮ್ಮ ಪೂರ್ವ ಕರಾವಳಿಯ ಮೀನುಬೆಕ್ಕು ಇಂಥವುಗಳ ಪಾಲಿಗೆ ಬರುವುದು ಅದರ ಚೂರುಪಾರು. ಸದ್ದಿಲ್ಲದೆ ಅಳಿಯುವ ಅಪಾಯ ಹೆಚ್ಚಿರುವುದು ಈ ಸಣ್ಣ ಬೆಕ್ಕುಗಳಿಗೆ.

ಉಳಿದ ಕಾಡುಗಳ ನಡುವಿನ ದಾರಿ ತೆರೆದಿಡುವುದು ದುಬಾರಿಯಾದ ಕೆಲಸವೇನೂ ಅಲ್ಲ. ಬಂಡೀಪುರದ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ತುರ್ತು ವಾಹನ ಮತ್ತು ಕೆಲವು ಬಸ್ಸುಗಳನ್ನು ಬಿಟ್ಟು ಉಳಿದೆಲ್ಲ ವಾಹನಗಳಿಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಪ್ರವೇಶವಿಲ್ಲ. ಅದನ್ನು ಸಡಿಲಿಸಬೇಕೆಂಬ ಒತ್ತಾಯ ಕೇರಳದಿಂದ ಪದೇ ಪದೇ ಬಂದಿದೆ. ನಿಷೇಧ ಇದ್ದಂತೆಯೇ ಇರಬೇಕು.